ಎಂಬತ್ತು ದಿನಾರಿನ ಬೀಜ, ಇಪ್ಪತ್ತರ ಚಿಲ್ಲರೆ

ಲೀಗಿನ ಶಿಸ್ತು ಆಯೋಗದ ಅಧ್ಯಕ್ಷರಾದ ಮಾನ್ಯರೇ,

ನನ್ನ ಹೆಂಡತಿಯ ಎಡಗಣ್ಣು ಹೋಗಿದೆ. ಹೋದದ್ದು ಕಳೆದ ಮಾರ್ಚ್ ತಿಂಗಳಲ್ಲಿ, ನಿಮ್ಮ ನಾಲ್ಕು ದೇಶಗಳ ಬ್ಯಾಸ್ಕೆಟ್‌ಬಾಲ್ ಲೀಗಿನ ಪಂದ್ಯದಲ್ಲಿ, ನಿಮ್ಮ ಅಂಕಪಟ್ಟಿಯನ್ನು ಬರೆಯುತ್ತಿದ್ದಾಗ. ಈಗ ನೀವು ಹೊಸ ಸೀಸನ್ನಿನ ವೇಳಾಪಟ್ಟಿ ಹೊರಡಿಸಿದ್ದೀರಿ. ಅಕ್ಟೋಬರ್ ನಾಲ್ಕಕ್ಕೆ ಮೊದಲ ಪಂದ್ಯ. ಎಲ್ಲಿ? ಮೊರಾವಾ ನದಿಯ ದಂಡೆಯ ನಮ್ಮೂರಿನಲ್ಲಿ, ಅದೇ ಹಾಲ್‌ನಲ್ಲಿ. ಯಾರ ಮೇಲೆ? ಅದೇ ಅತಿಥಿ ಕ್ಲಬ್ಬಿನ ಮೇಲೆ. ಅಂಕ ಬರೆಯುವವರ ಮೇಜು ಎಲ್ಲಿ? ಅದೇ ಉತ್ತರದ ಗ್ಯಾಲರಿಯ ಬುಡದಲ್ಲಿ. ಬದಲಾದದ್ದು ಪೋಸ್ಟರ್ ಒಂದೇ. ಬಸ್ ನಿಲ್ದಾಣದಲ್ಲಿ ಅಂಟಿಸಿದ್ದಾರೆ, 'ಈ ಸಲ ಇನ್ನಷ್ಟು ಹತ್ತಿರದಿಂದ!' ಎಂದು. ಇನ್ನೆಷ್ಟು ಹತ್ತಿರ ಬೇಕಿತ್ತು ನಿಮಗೆ?

ನಾನು ಯಾರೆಂದು ನಿಮಗೆ ಗೊತ್ತಿದೆ, ಏಕೆಂದರೆ ನೀವು ಶಿಕ್ಷಿಸಿದ ಏಕೈಕ ಮನುಷ್ಯ ನಾನೇ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದೆ. ಇಪ್ಪತ್ತೊಂದು ವರ್ಷ ನಿಮ್ಮ ಮೇಜಿನಲ್ಲಿ ಕೂತು ದಾಳಿಯ ಗಡಿಯಾರ ಒತ್ತಿದೆ. ಚೆಂಡು ಹೊಸದಾಗಿ ಕೈಗೆ ಬಂದ ತಂಡಕ್ಕೆ ಇಪ್ಪತ್ತನಾಲ್ಕು ಸೆಕೆಂಡು. ಎಸೆದ ಚೆಂಡು ಬುಟ್ಟಿಯ ಬಳೆಗೆ ಬಡಿದು ಅದೇ ತಂಡದ ಕೈಗೇ ಮರಳಿದರೆ ಹದಿನಾಲ್ಕು. ಅಷ್ಟರೊಳಗೆ ಮತ್ತೆ ಬುಟ್ಟಿಯತ್ತ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಎರಡೇ ಗುಂಡಿಗಳ ಕೆಲಸ. ಮೇಜಿನಲ್ಲಿ ನನ್ನ ಬಲಗಡೆ ಕೂರುತ್ತಿದ್ದವಳು ದೆಸಾಂಕಾ, ನನ್ನ ಹೆಂಡತಿ. ಅಂಚೆ ಕಚೇರಿಯಲ್ಲಿ ನೌಕರಿ, ಸಂಜೆ ನಿಮ್ಮ ಅಂಕಪಟ್ಟಿ. ಕಂಪ್ಯೂಟರ್ ಬಂದ ಮೇಲೂ ಕೈಬರಹದ ಪಟ್ಟಿ ಇರಲೇಬೇಕು ಎಂಬುದು ನಿಮ್ಮದೇ ನಿಯಮ, ಮತ್ತು ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ.

ಆ ದಿನ ನಮ್ಮ ಕ್ಲಬ್ಬು ಒಂದಂಕ ಮುಂದಿತ್ತು. ಪಂದ್ಯ ಮುಗಿಯಲು ಮೂವತ್ತು ಸೆಕೆಂಡು. ಅತಿಥಿಗಳ ಎಸೆತ ಬಳೆಗೆ ಬಡಿದು ಅವರಿಗೇ ವಾಪಸ್ ಸಿಕ್ಕಿತು. ನಾನು ಹದಿನಾಲ್ಕು ಒತ್ತಬೇಕಿತ್ತು; ಇಪ್ಪತ್ತನಾಲ್ಕು ಒತ್ತಿದೆ. ತಪ್ಪು ನನ್ನದು. ಇದನ್ನು ವಿಚಾರಣೆಯಲ್ಲೂ ಹೇಳಿದ್ದೇನೆ, ಈ ಬಹಿರಂಗ ಪತ್ರದಲ್ಲಿ ಊರೆಲ್ಲ ಓದುವ ಹಾಗೆ ಮತ್ತೊಮ್ಮೆ ಬರೆಯುತ್ತಿದ್ದೇನೆ. ನಮ್ಮೂರಿನಲ್ಲಿ ಬ್ರೆಡ್ಡು ಮಾರುವ ಮುದುಕಿಗೂ ಈ ನಿಯಮ ಗೊತ್ತು. ಹಾಲ್‌ಗೆ ಹಾಲೇ 'ಹದಿನಾಲ್ಕು! ಹದಿನಾಲ್ಕು!' ಎಂದು ಕೂಗುತ್ತಿತ್ತು. ಡೋಲಿನ ಗದ್ದಲದಲ್ಲಿ ನನಗೆ ಅದು ಎಂದಿನ ಬೈಗುಳದಂತೆಯೇ ಕೇಳಿಸಿತು. ಮರಳಿ ಸಿಕ್ಕ ಚೆಂಡನ್ನು ಅವರು ಹದಿನೆಂಟನೆಯ ಸೆಕೆಂಡಿನಲ್ಲಿ, ಹದಿನಾಲ್ಕು ದಾಟಿದ ಮೇಲೆ, ಎಸೆದರು; ಅದು ಬುಟ್ಟಿಯೊಳಗೆ ಬಿತ್ತು, ನಮ್ಮ ಮುನ್ನಡೆ ಹೋಯಿತು.

ಆಮೇಲಿನದನ್ನು ನಿಮ್ಮ ವರದಿ 'ಪ್ರೇಕ್ಷಕರ ಅಸಮಾಧಾನ' ಎಂದು ಕರೆದಿದೆ. ಆ ಅಸಮಾಧಾನ ಹೇಗಿತ್ತು ಗೊತ್ತೇ? ಕೆಂಪು ಪಂಜುಗಳು ಉರಿಯುತ್ತಲೇ ಅಂಗಳಕ್ಕೆ ಬಿದ್ದವು, ಮರದ ನೆಲ ಸುಟ್ಟು ಕಮಟು ವಾಸನೆ ಎದ್ದಿತು. ಕುರ್ಚಿಗಳನ್ನು ಬೋಲ್ಟು ಸಮೇತ ಕಿತ್ತರು. ಅತಿಥಿ ಆಟಗಾರನೊಬ್ಬ ಟವೆಲ್ ಹೊದ್ದು ಓಡುವಾಗ ಬೆನ್ನಿಗೆ ಕಬ್ಬಿಣದ ಸರಳು ಬಿತ್ತು. ಪೊಲೀಸರು ಲಾಠಿ ಎತ್ತಿದರು. ಯಾರಿಗೆ ಬಿತ್ತು, ಯಾರಿಗೆ ಬೀಳಬೇಕಿತ್ತು, ಅದನ್ನು ನೋಡುವ ವ್ಯವಧಾನ ಅವರಿಗೂ ಇರಲಿಲ್ಲ. ಮೆಟ್ಟಿಲ ಮೇಲೆ ಒಬ್ಬನ ಹಲ್ಲು ಬಿದ್ದಿತ್ತು, ಅದನ್ನು ಮೆಟ್ಟಿಕೊಂಡೇ ಜನ ಇಳಿದರು. ನಮ್ಮ ಮೇಜಿನ ಮೇಲೆ ನಾಣ್ಯಗಳು ಆಲಿಕಲ್ಲಿನ ಹಾಗೆ ಸುರಿದವು.

"ಲೇ ಮುದುಕಾ, ಎಷ್ಟಕ್ಕೆ ಮಾರ್ಕೊಂಡ್ಯೋ ನಮ್ಮನ್ನ?" ಎಂದು ಮೇಲಿನಿಂದ ಯಾರೋ ಅರಚಿದ.

ದೆಸಾಂಕಾ ಅದಕ್ಕೆ ಸೊಪ್ಪು ಹಾಕಲಿಲ್ಲ. ಪೆನ್ನು ಹಿಡಿದುಕೊಂಡೇ ಎಡಕ್ಕೆ, ನನ್ನತ್ತ ತಿರುಗಿ ಬಾಗಿದಳು. "ರಾದೆ, ನೀನು ಒತ್ತಿದ್ದು ಇಪ್ಪತ್ನಾಲ್ಕು ಕಣೋ. ರೆಫ್ರಿಯನ್ನ ಕರಿ, ಇನ್ನೂ ಸರಿ ಮಾಡ್ಬಹುದು," ಎಂದಳು. ಮಾತು ಮುಗಿಯುವ ಮೊದಲೇ ಒಂದು ಸಣ್ಣ ಶಬ್ದವಾಯಿತು, ಮೊಟ್ಟೆ ಒಡೆದ ಹಾಗೆ. ಅವಳ ಕೈ ಮುಖಕ್ಕೆ ಹೋಯಿತು, ಬೆರಳ ಸಂದಿನಿಂದ ರಕ್ತದ ಜೊತೆ ಇನ್ನೇನೋ ಇಳಿಯಿತು. ಅದೇನೆಂದು ಭೌತಶಾಸ್ತ್ರದ ಮೇಷ್ಟ್ರಿಗೂ ಗೊತ್ತು. ಅದನ್ನು ಇಲ್ಲಿ ಬರೆಯಲಾರೆ.

ಮಾನ್ಯರೇ, ಆ ರಕ್ತ ನಿಮ್ಮ ಅಂಕಪಟ್ಟಿಯ ಮೇಲೂ ಬಿತ್ತು. ಹನ್ನೊಂದನೆಯ ದಿನ, ಬೆಲ್‌ಗ್ರೇಡಿನ ಆಸ್ಪತ್ರೆಯಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಗೆ ಅವಳನ್ನು ಒಳಗೆ ಕರೆದೊಯ್ದಿದ್ದಾಗ, ನಿಮ್ಮ ಕಚೇರಿಯ ಲಕೋಟೆ ಬಂತು. ಒಳಗೆ ಅದೇ ಪಟ್ಟಿ. 'ನಾಲ್ಕನೆಯ ಅವಧಿಯ ನಮೂದುಗಳು ಕಲೆಯಿಂದಾಗಿ ಅಸ್ಪಷ್ಟವಾಗಿವೆ. ಸ್ವಚ್ಛ ಪ್ರತಿಯನ್ನು ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು' ಎಂದು ಒಕ್ಕಣೆ. ಸಲ್ಲಿಸಿದೆವು. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಂದೊಂದೇ ಅಂಕ ಹೇಳಿದಳು, ನಾನು ಬರೆದೆ. ಕೊನೆಯ ಬುಟ್ಟಿಯನ್ನೂ ಬರೆಸಿದಳು. ಕಚೇರಿಯಲ್ಲಿ ಎಲ್ಲರಿಗೂ ಈಗ ಸ್ಪಷ್ಟವಾಗಿ ಕಾಣುತ್ತಿರಬೇಕು.

ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಒಬ್ಬ ಬಂದ. ಗ್ವೊಜ್ದೆನ್, ಟೈಲ್ಸ್ ಕೂರಿಸುವವನು, ವಯಸ್ಸು ನಲವತ್ತೊಂದು, ನನ್ನ ಹಳೆಯ ವಿದ್ಯಾರ್ಥಿ. ಕಾಯಿಲೆಯವರನ್ನು ನೋಡಲು ಹೋಗುವಾಗ ನಮ್ಮಲ್ಲಿ ಒಯ್ಯುವಂತೆ ಅರ್ಧ ಕಿಲೋ ಕಾಫಿ, ಒಂದು ಡಬ್ಬಿ ಸಕ್ಕರೆ ಅಚ್ಚು ತಂದಿದ್ದ. ಮೇಜಿನ ಮೇಲಿಟ್ಟು ನಿಂತೇ ಇದ್ದ.

"ಮೇಷ್ಟ್ರೇ, ಎಸೆದಿದ್ದು ನಾನು," ಎಂದ.

ನಾನು ಹೊಡೆದೆ. ಅರವತ್ತೇಳು ವರ್ಷದ ನಾನು, ತರಗತಿಯಲ್ಲಿ ಒಂದು ಮಗುವಿನ ಕಿವಿಯನ್ನೂ ಹಿಂಡದ ನಾನು, ಅವನ ಕುತ್ತಿಗೆ ಹಿಡಿದು ತಲೆಯನ್ನು ಕಬ್ಬಿಣದ ಒಲೆಯ ಅಂಚಿಗೆ ಬಡಿದೆ. ಒಂದಲ್ಲ, ಮೂರು ಸಲ. ಹುಬ್ಬು ಸೀಳಿ ರಕ್ತ ಹರಿಯಿತು. ಅವನು ಕೈ ಎತ್ತಲಿಲ್ಲ. ಅದರಿಂದ ನನಗೆ ಇನ್ನೂ ರೇಗಿತು. ನಾಲ್ಕನೆಯ ಸಲಕ್ಕೆ ಅವನು ಉಳಿಯುತ್ತಿದ್ದನೋ ಇಲ್ಲವೋ, ಹೇಳಲಾರೆ. ಉಳಿಯದಿರಲಿ ಎಂದೇ ಆ ಕ್ಷಣ ನನಗೆ ಅನಿಸಿತ್ತು.

"ಬಿಡು ರಾದೆ. ಇದು ನನ್ನ ಅಡುಗೆಮನೆ, ನಿಮ್ಮ ಹಾಲ್ ಅಲ್ಲ," ಎಂದಳು ದೆಸಾಂಕಾ. ಒದ್ದೆ ಬಟ್ಟೆಯನ್ನು ಅವನ ಕೈಗಿಟ್ಟು ಎದುರು ಕೂರಿಸಿದಳು. "ಯಾರಿಗೆ ಗುರಿ ಇಟ್ಟಿದ್ಯೋ? ನಿಜ ಹೇಳು."

"ಮೇಷ್ಟ್ರಿಗೆ ಅಕ್ಕಾ. ನಿಮಗಲ್ಲ, ನನ್ನ ಮಕ್ಕಳಾಣೆ ನಿಮಗಲ್ಲ."

"ಹತ್ತು ಮೆಟ್ಟಿಲು ಮೇಲಿಂದ ಇಷ್ಟು ದಪ್ಪ ತಲೆ ತಪ್ಪೋಯ್ತಾ ನಿಂಗೆ? ಟೈಲ್ಸ್ ಆದ್ರೂ ನೆಟ್ಟಗೆ ಕೂರಿಸ್ತೀಯೇನೋ?"

ಅವನು ನಗಲು ಹೋಗಿ ಹೋ ಎಂದು ಅತ್ತುಬಿಟ್ಟ. ಅವಳು ಕಾಫಿಗೆ ನೀರಿಟ್ಟಳು. ಸುರಿಯುವಾಗ ಅರ್ಧ ಕಾಫಿ ಮೇಜಿನ ಬಟ್ಟೆಯ ಮೇಲೆ ಹೋಯಿತು, ಬಟ್ಟಲು ಅವಳ ಎಡಗಡೆ ಇತ್ತು. ಮೂವರೂ ಅದನ್ನು ನೋಡದವರಂತೆ ಕೂತೆವು.

ನನಗೆ ಅರ್ಥವಾಗದ್ದು ಒಂದೇ ಉಳಿದಿತ್ತು, ಕೇಳಿದೆ: "ಗೇಟಲ್ಲಿ ಕಿಸೆಯೆಲ್ಲ ಖಾಲಿ ಮಾಡಿಸ್ತಾರಲ್ಲೋ. ನಾಣ್ಯ ಹೇಗೆ ಒಳಗೆ ತಂದೆ?"

"ತರ್ಲಿಲ್ಲ ಮೇಷ್ಟ್ರೇ. ಶೂ ಕೂಡ ಬಿಚ್ಸಿದ್ರು, ಕೈಲಿದ್ದ ಚಿಲ್ರೆ ಎಲ್ಲ ಬಕೆಟ್ಟಿಗೆ ಹಾಕಿಸ್ಕೊಂಡ್ರು. ಒಳಗೆ ಬಂದು ಸೂರ್ಯಕಾಂತಿ ಬೀಜ ತಗೊಂಡೆ. ಪೊಟ್ಟಣ ಎಂಬತ್ತು. ನೂರರ ನೋಟು ಕೊಟ್ಟೆ, ಇಪ್ಪತ್ತು ವಾಪಸ್ ಬಂತು. ಎಲ್ರಿಗೂ ಬರುತ್ತೆ. ಒಂದೊಂದೇ ಪೊಟ್ಟಣ ತಗೊಂಡ್ರೆ ಪೊಟ್ಟಣಕ್ಕೊಂದು ಬರುತ್ತೆ. ಉತ್ತರದ ಗ್ಯಾಲರೀಲಿ ಇದು ಗೊತ್ತಿಲ್ದೆ ಇರೋರು ಯಾರಿದಾರೆ?"

ಗೊತ್ತಿಲ್ಲದೆ ಇದ್ದವರು ನಾವಿಬ್ಬರು, ಮತ್ತು ನೀವು. ಗೇಟಿನಲ್ಲಿ ಎಂಟು ಜನ ಕಾವಲಿನವರು ನಾಣ್ಯ ಕಿತ್ತುಕೊಳ್ಳುತ್ತಾರೆ. ಮೂವತ್ತು ಹೆಜ್ಜೆ ಒಳಗೆ, ನಿಮ್ಮ ಮೊಹರು ಒತ್ತಿದ ದರಪಟ್ಟಿ ನೇತುಹಾಕಿದ ಗೂಡಂಗಡಿ ಅದನ್ನೇ ಬಿಸಿಬಿಸಿಯಾಗಿ ಮರಳಿಸುತ್ತದೆ. ಜಗತ್ತಿನ ಬೇರೆಲ್ಲಾದರೂ ಇಂಥ ಅಚ್ಚುಕಟ್ಟು ವ್ಯವಸ್ಥೆ ಇದೆಯೇ? ನಾನು ಇದನ್ನು ನಿಮಗೆ ಬರೆದೆ. ಬೀಜದ ಬೆಲೆಯನ್ನು ನೂರು ಮಾಡಿ, ಇಲ್ಲವೇ ಅರವತ್ತು ಕಾಳು ಕಡಿಮೆ ಹಾಕಿ ಐವತ್ತು ಮಾಡಿ, ಐವತ್ತಕ್ಕೂ ನೋಟಿದೆ ಎಂದೆ. ಆಯೋಗದ ಉತ್ತರವನ್ನು ಅಕ್ಷರ ಬದಲಿಸದೆ ಕೊಡುತ್ತೇನೆ: 'ಪ್ರವೇಶದ್ವಾರದಲ್ಲಿ ಎಲ್ಲ ನಾಣ್ಯಗಳನ್ನೂ ವಶಪಡಿಸಿಕೊಂಡಿರುವುದರಿಂದ ಸಭಾಂಗಣದೊಳಗೆ ನಾಣ್ಯವಿರುವ ಸಾಧ್ಯತೆ ಇರುವುದಿಲ್ಲ. ಆದಕಾರಣ ಗಾಯವು ಗುರುತಿಸಲಾಗದ ವಸ್ತುವಿನಿಂದ ಸಂಭವಿಸಿದೆ.' ಅದೇ ಪತ್ರದ ಎರಡನೆಯ ಪುಟದಲ್ಲಿ, ಗಡಿಯಾರದ ತಪ್ಪಿಗಾಗಿ ನನ್ನನ್ನು ಇಡೀ ಹೊಸ ಸೀಸನ್ನಿಗೆ ಮೇಜಿನಿಂದ ಹೊರಗಿಟ್ಟಿದ್ದೀರಿ. ಕಣ್ಣು ಒಡೆದದ್ದು ಗುರುತಿಸಲಾಗದ ವಸ್ತು. ಗುಂಡಿ ಒತ್ತಿದ ಹೆಬ್ಬೆರಳನ್ನು ಮಾತ್ರ ಎಷ್ಟು ಚೆನ್ನಾಗಿ ಗುರುತಿಸಿದಿರಿ!

ನಾನು ಸಾಚಾ ಎಂದು ತಿಳಿಯಬೇಡಿ. ಹತ್ತೊಂಬತ್ತರ ಪ್ರಾಯದಲ್ಲಿ ನಾನೂ ಅದೇ ಗ್ಯಾಲರಿಯಲ್ಲಿ ನಿಂತಿದ್ದೆ. ನಾವು ನಾಣ್ಯವನ್ನು ಲೈಟರಿನಲ್ಲಿ ಕಾಯಿಸಿ ಎಸೆಯುತ್ತಿದ್ದೆವು. ಒಮ್ಮೆ ಅತಿಥಿ ಆಟಗಾರನ ಕಿವಿಯ ಹಿಂದೆ ತಗುಲಿತು. ಅವನು ಮಂಡಿಯೂರಿದ, ಬಿಳಿ ಜೆರ್ಸಿ ಕೆಂಪಾಯಿತು. ಗೆಳೆಯರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಆ ಸಂಜೆ ಹತ್ತು ಚೆವಾಪಿ ಕಬಾಬು ತಿಂದೆ, ಒಂದೂ ಗಂಟಲಲ್ಲಿ ಸಿಕ್ಕಲಿಲ್ಲ. ಈಗ ಸಿಕ್ಕುತ್ತಿವೆ. ಅವನ ಹೆಂಡತಿಯೂ ಯಾರಿಗಾದರೂ ಪತ್ರ ಬರೆದಿದ್ದಳೇ? ನಿಮ್ಮ ಕಡತಗಳಲ್ಲಿ ಹುಡುಕಿ, ಮಾನ್ಯರೇ, ಗುರುತಿಸಲಾಗದ ವಸ್ತುಗಳ ಕಪಾಟಿನಲ್ಲಿ.

ಈಗ ಅಕ್ಟೋಬರ್ ನಾಲ್ಕರ ಮಾತು. ದೆಸಾಂಕಾ ಅಂದು ಮೇಜಿಗೆ ಹೋಗುತ್ತಾಳೆ. ನಾನು ಬೇಡವೆಂದೆ, ಕೂಗಾಡಿದೆ, ತಟ್ಟೆ ಒಡೆದೆ. ಉಳಿದ ಕಣ್ಣಿಗೆ ಏಟು ಬಿದ್ದರೆ ಮುಂದೆ ಬರೀ ಕತ್ತಲು ಎಂದು ವೈದ್ಯರು ಹೇಳಿದ್ದನ್ನು ದಿನಕ್ಕೆ ಮೂರು ಹೊತ್ತು ನೆನಪಿಸಿದೆ.

"ಇಪ್ಪತ್ತಾರು ವರ್ಷ ಆ ಕುರ್ಚೀಲಿ ಕೂತಿದೀನಿ. ಒಂದು ಚಿಲ್ರೆ ಕಾಸಿಗೆ ಹೆದರಿ ಎದ್ದು ಬರ್ಲಾ?" ಎಂದಳು. ಆಮೇಲೆ ಮೆಲ್ಲಗೆ, "ಒಂದೇ ಯೋಚನೆ ರಾದೆ. ಎಡಗಡೆ ನೀನಿರಲ್ಲ. ಏನು ಬಂದ್ರೂ ನಂಗೆ ಕಾಣಲ್ಲ. ಆ ಕುರ್ಚೀಲಿ ಯಾರು ಕೂತ್ಕೊಳ್ತಾರೆ?"

ಅವಳ ಪ್ರಶ್ನೆಗೆ ಉತ್ತರ ಈಗ ಇದೆ. ನೀವು ಕೂತುಕೊಳ್ಳಿ.

ಇದೇ ನನ್ನ ಬೇಡಿಕೆ. ಪರಿಹಾರ ಬೇಡ, ವಿಷಾದದ ಪತ್ರ ಬೇಡ, ಪಂದ್ಯಕ್ಕೆ ಮುನ್ನ ಒಂದು ನಿಮಿಷದ ಚಪ್ಪಾಳೆಯಂತೂ ಬೇಡವೇ ಬೇಡ. ಗಣ್ಯರ ಗಾಜಿನ ಕೋಣೆಯಿಂದ ಇಳಿದು ಬಂದು ಅವಳ ಎಡಗಡೆಯ ಕುರ್ಚಿಯಲ್ಲಿ, ಉತ್ತರದ ಗ್ಯಾಲರಿಗೆ ಬೆನ್ನು ಹಾಕಿ, ನಲವತ್ತು ನಿಮಿಷದ ಆಟ ಮುಗಿಯುವವರೆಗೆ ಕೂತಿರಿ. ಅವಳು ನಿಮ್ಮತ್ತ ಬಾಗಿ ಏನಾದರೂ ಹೇಳಿದರೆ ನಿಮ್ಮ ತಲೆಯನ್ನು ಅವಳ ತಲೆಗೆ ಅಡ್ಡ ಹಿಡಿಯಿರಿ. ನಾನು ಹಿಡಿಯಲಿಲ್ಲ.

ಈ ಪತ್ರದ ಜೊತೆ ಇಪ್ಪತ್ತು ದಿನಾರಿನ ಆ ನಾಣ್ಯವನ್ನು ಲಗತ್ತಿಸಿದ್ದೇನೆ. ಮೇಜಿನ ಕೆಳಗೆ ಸಿಕ್ಕಿತು, ತೊಳೆದಿಲ್ಲ. ಬರುವಾಗ ಕಿಸೆಯಲ್ಲಿ ಇಟ್ಟುಕೊಂಡು ಬನ್ನಿ. ಗೇಟಿನಲ್ಲಿ ನಿಮ್ಮ ಕಾವಲಿನವರು ಕಿತ್ತುಕೊಳ್ಳುತ್ತಾರೆ, ಕೊಟ್ಟುಬಿಡಿ. ಒಳಗೆ ಒಂದು ಪೊಟ್ಟಣ ಬೀಜ ಕೊಳ್ಳಿ. ವಾಪಸ್ ಸಿಗುತ್ತದೆ.

ಇಂತಿ,
ಆ ನಾಣ್ಯ ಬೀಳಬೇಕಾಗಿದ್ದ ತಲೆಯ ಒಡೆಯ,
ರದಿವೋಯೆ, ದೆಸಾಂಕಾಳ ಬಾಯಲ್ಲಿ ರಾದೆ
ನಿವೃತ್ತ ಮೇಷ್ಟ್ರು, ಅಮಾನತಾದ ಗಡಿಯಾರದವನು