ಕಡಲ ಮೈಲಿಗೆ ಎಷ್ಟು ಹರದಾರಿ

ದಂಡಿಗನಹಳ್ಳಿ
ತಾ. 18-9-1938

ಸ್ವಸ್ತಿ ಶ್ರೀ. ಪಶ್ಚಿಮ ಸಮುದ್ರಾಧೀಶ್ವರ, ಹಡಗಿನ ಅಡುಗೆಮನೆಯ ಸಮಸ್ತ ಸೌಟು ಬಾಣಲೆಗಳ ಏಕಚ್ಛತ್ರಾಧಿಪತಿ, ಈರುಳ್ಳಿ ಹೆಚ್ಚುವಾಗ ಮಾತ್ರ ಕಣ್ಣೀರಿಡುವ ಧೀರ, ನನ್ನೊಡನೆ ಸ್ಕೂಲಿನ ಕೊನೆಯ ಬೆಂಚನ್ನು ಅಲಂಕರಿಸಿದ್ದ ಶ್ರೀಮನ್ಮಹಾರಾಜ ದೇವರಾಜುವಿನ ದಿವ್ಯ ಸನ್ನಿಧಾನಕ್ಕೆ, ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿಯ ಅಂಗಡಿ ರುದ್ರಯ್ಯನವರ ಮಗ ಬಸವರಾಜು ಮಂಡಿಯೂರಿ ಬರೆದುಕೊಳ್ಳುವ ವಿಜ್ಞಾಪನೆ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಅಲ್ಲ. ಅದಕ್ಕೇ ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದೆ. ಮಳೆ, ಜ್ವರ, ಅಂಚೆಯವನ ಸೋಮಾರಿತನ, ಮೂರರಲ್ಲಿ ಯಾವ ನೆಪ ಬೇಕಾದರೂ ಹೇಳಬಹುದಿತ್ತು. ನಿಜವೆಂದರೆ ಬರೆಯಲು ಮುಖವಿರಲಿಲ್ಲ. ಹೆದರಬೇಡ. ನಿಮ್ಮವ್ವ ಉಂಡುಕೊಂಡು, ಎಲ್ಲರನ್ನೂ ಬೈದುಕೊಂಡು ಇದ್ದಾರೆ. ಆದರೆ ಬಲಗಾಲಿಗೆ ಬಿದಿರು ದಬ್ಬೆ ಕಟ್ಟಿದೆ. ಕಟ್ಟಿದವನು ಮೊಸಳೆ ಊರಿನ ನಾಟಿವೈದ್ಯ ಹುಚ್ಚಯ್ಯ. ಮುರಿದವನು ನಾನು.

ನಿಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಗಂಡಸರು ಊರು ಬಿಟ್ಟರೆ, ಹೋದ ದೂರದ ಹರದಾರಿಗೊಂದರಂತೆ ಮನೆಯ ಹೆಂಗಸು ಹನುಮಂತರಾಯನ ಗುಡಿ ಸುತ್ತಬೇಕು. ನಿಮ್ಮಪ್ಪ ಹೊಳೆನರಸೀಪುರಕ್ಕೆ ಹೋದರೆ ಆರು ಸುತ್ತು, ಅರಕಲಗೂಡಿಗೆ ಹನ್ನೆರಡು. ಸುತ್ತು ಅರ್ಧಕ್ಕೆ ನಿಂತರೆ ಹೋದವರು ಅರ್ಧ ದಾರಿಯಲ್ಲೇ ನಿಂತಾರು ಎಂಬ ಭಯ. ಮುಂಬಯಿಯವರೆಗಿನ ಸುತ್ತನ್ನು ಅವ್ವ ನೀನು ಹೋದ ಹೊಸದರಲ್ಲೇ ಮುಗಿಸಿದ್ದರು. ಆಮೇಲೆ ಆಷಾಢದಲ್ಲಿ ಏಡನ್ ಬಂದರಿನಿಂದ ನಿನ್ನ ಕಾಗದ ಬಂತು. ಮುಂಬಯಿಯಿಂದ ಸಾವಿರದ ಆರುನೂರ ನಲವತ್ತು ಕಡಲ ಮೈಲಿ ಬಂದಿದ್ದೇವೆ ಎಂದು ನೀನು ದೊಡ್ಡಸ್ತಿಕೆಗೆ ಬರೆದಿದ್ದೆಯಲ್ಲ, ಅದು.

ಓದಿ ಹೇಳಿದೆ. "ಬಸ್ರಾಜಾ, ಅದು ಎಷ್ಟ್ ಅರ್ದಾರಿ ಆಯ್ತದಲಾ?" ಎಂದರು.

ನಾನು ಅಂಗಡಿಯ ಸ್ಲೇಟು ಇಳಿಸಿದೆ. ಕಣ್ಣು ಮುಚ್ಚಿ ಸಮುದ್ರರಾಜನಿಗೆ ಕೈಮುಗಿದೆ. ಬಳಪಕ್ಕೆ ಮೂರು ಸಲ ಊದಿದೆ. "ಕಡಲ ಮೈಲಿ ನಮ್ ಮೈಲಿ ತರ ಅಲ್ಲ ಕಣವ್ವ, ಅದು ದೊಡ್ಡದು. ಹರದಾರಿ ಲೆಕ್ಕ ಮೂರು. ಮೂರರಿಂದ ಗುಣಿಸ್ಬೇಕು," ಎಂದು ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತು ಎಂದು ಬರೆದೆ.

"ಅಟ್ಟೊಂದಾ?"

"ಹಡಗು ಅಂದ್ರೆ ನಿಮ್ಮನೆ ಎತ್ತಿನ ಗಾಡಿನಾ?"

ಅವ್ವ ಸ್ಲೇಟನ್ನೇ ನೋಡಿದರು. "ಅವ್ನು ಅಷ್ಟ್ ದೂರ ಓಗವ್ನೆ. ನಂಗೆ ಸುತ್ತಕ್ಕೇನು ದಾಡಿ," ಎಂದು ಎದ್ದು ಹೋದರು.

ಶ್ರಾವಣದ ಮೊದಲ ಶನಿವಾರ ಶುರುಮಾಡಿದರು. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ಸುತ್ತಿಗೊಂದು ಹುಣಿಸೆ ಬೀಜ ಕುಡಿಕೆಗೆ. ಇಪ್ಪತ್ತನೆಯ ದಿನಕ್ಕೆ ಪಾದ ಊದಿತು. ಹರಳೆಣ್ಣೆ ಹಚ್ಚಿಕೊಂಡು ಸುತ್ತಿದರು. ಮೂವತ್ತಾರನೆಯ ದಿನ ಬೆಳಿಗ್ಗೆ ಸೋನೆ ಹಿಡಿದಿತ್ತು. ಮೊದಲ ಸುತ್ತಿನಲ್ಲೇ ಗುಡಿಯ ಹಿಂದಿನ ಚಪ್ಪಡಿಯ ಮೇಲೆ ಜಾರಿದರು. ಆ ಹೊತ್ತಿಗೆ ಎರಡು ಸಾವಿರದ ನೂರು ಸುತ್ತು ಆಗಿತ್ತು.

ಮೂರು ತಿಂಗಳು ಕಾಲೂರಬಾರದು, ಊರಿದರೆ ಜನ್ಮಪೂರ್ತಿ ಕುಂಟಬೇಕಾಗುತ್ತದೆ ಎಂದು ಹುಚ್ಚಯ್ಯ ಹೇಳಿ ಹೋದ. ಮರುದಿನವೇ ಅವ್ವ ಗೋಡೆ ಹಿಡಿದು ಏಳಲು ನೋಡಿದರು. "ಇನ್ನೂ ಎಲ್ಡ್ ಸಾವ್ರದ್ ಎಂಟ್ನೂರ್ ಇಪ್ಪತ್ತೈತೆ. ನನ್ ಮಗ ನಡುನೀರಲ್ಲಿ ನಿಂತ್ಬುಟ್ಟಾನು, ಬುಡ್ರಲಾ ನನ್ನ."

ನೋಡಿಕೊಂಡು ಹೋಗಲು ಊರಿನವರೆಲ್ಲ ಸೇರಿದ್ದರು, ಗುಂಡಯ್ಯ ಮೇಷ್ಟ್ರೂ ಬಂದಿದ್ದರು. ಎಣಿಕೆ ಕೇಳಿ ನನ್ನ ಕಡೆ ತಿರುಗಿದರು. "ಏನಯ್ಯ ಬಸವರಾಜು, ಅಷ್ಟು ಹರದಾರಿ ಹೋದರೆ ಭೂಮಿಯನ್ನೇ ಅರ್ಧಕ್ಕಿಂತ ಹೆಚ್ಚು ಸುತ್ತಿದ ಹಾಗಾಯ್ತು. ಏಡನ್ನು ಅಲ್ಲಿದೆಯೇನಯ್ಯ? ಇದೂ ನಿನ್ನದೊಂದು ಕುಚೋದ್ಯವೋ?"

ಅವರು ಒಂದು ಚೀಟಿಯ ಮೇಲೆ ಬರೆದು ಬಿಡಿಸಿ ಹೇಳಿದ್ದು ಇಷ್ಟು: ಕಡಲ ಮೈಲಿಗೆ ಆರು ಸಾವಿರದ ಎಂಬತ್ತು ಅಡಿ, ನಮ್ಮ ಮೈಲಿಗೆ ಐದು ಸಾವಿರದ ಇನ್ನೂರ ಎಂಬತ್ತು. ನಿನ್ನ ಸಾವಿರದ ಆರುನೂರ ನಲವತ್ತು ನಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ ಸಾವಿರದ ಎಂಟುನೂರ ತೊಂಬತ್ತು ಮೈಲಿ. ಹರದಾರಿಗೆ ಮೂರು ಮೈಲಿಯಂತೆ ಆರುನೂರ ಮೂವತ್ತು. ಅಂದರೆ ಹನ್ನೊಂದನೆಯ ದಿನಕ್ಕೇ ಹರಕೆ ಮುಗಿದಿತ್ತು. ಆಮೇಲಿನದೆಲ್ಲ, ಆ ಊತ, ಆ ಹರಳೆಣ್ಣೆ, ಆ ಚಪ್ಪಡಿ, ನನ್ನ ಬಾಬತ್ತು.

ನಾನು ಅವ್ವನ ಮುಂದೆ ಕೂತೆ. "ಬೇಕು ಅಂತಲೇ ಮಾಡ್ದೆ ಕಣವ್ವ. ತಮಾಷೆಗೆ. ನೀನು ಇನ್ನು ಏಳ್ಬೇಡ, ಎಲ್ಲಾ ಮುಗಿದದೆ."

"ನನ್ ಮ್ಯಾಲಾ?"

"ಹೂಂ."

ಆಮೇಲೆ ಅವ್ವ ಹೇಳಿದರು: "ಓಗಕ್ಕೆ ಆರ್ನೂರ್ ಮೂವತ್ತು, ಬರಕ್ಕೆ ಆರ್ನೂರ್ ಮೂವತ್ತು. ಮಿಕ್ಕಿದ್ದು ನಿಂಗಿರ್ಲಿ ಕಣ್ಲಾ. ನಿನ್ ಬುದ್ಧಿ ಬಲು ದೂರ ಓಗದೆ, ಅದೂ ವಾಪಸ್ ಬರ್ಲಿ."

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ಏಳಲು ನೋಡಿಲ್ಲ, ಅದೊಂದು ಸಮಾಧಾನ. ನಿನ್ನ ಎರಡನೆಯ ಕಾಗದ ಬಂದಾಗ ನನಗೇ ಹೇಳಿಕಳಿಸಿದರು. ಬಿಚ್ಚಿ ಹಿಡಿದೆ. "ಅಂಕಿ ಇರೋ ಕಡೆ ಬುಟ್ಟು ಓದು," ಎಂದರು. ತಾರೀಖನ್ನೂ ಬಿಟ್ಟು ಓದಿದೆ.

ಅವ್ವನ ಮಾತು ಇದ್ದ ಹಾಗೇ ಬರೆಯುತ್ತೇನೆ: ಒದ್ದೆ ಬಟ್ಟೇಲಿ ಮಲಗ್ಬೇಡ, ವಾರಕ್ಕೊಂದ್ ಸಲ ತಲೆಗೆ ಎಣ್ಣೆ ಒತ್ಕೊ, ಹನುಮಂತರಾಯ ನಿನ್ನ ಬೆನ್ ಹಿಂದೆ ಅವ್ನೆ. ನನ್ನ ಪರವಾಗಿ ಹಾರೈಸುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ. ಬಂದ ದಿನ ನಿನ್ನ ಕೈಯಾರೆ ಎರಡು ಬಿಗಿ. ತಪ್ಪಿಸಿಕೊಳ್ಳುವುದಿಲ್ಲ.

ಇತಿ, ನಿನ್ನ
ಬಸವರಾಜು

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ದೇವು, ಅದು ತಮಾಷೆಯಾಗಿರಲಿಲ್ಲ. ಕೈಮುಗಿದದ್ದು, ಬಳಪ ಊದಿದ್ದು ತಮಾಷೆ. ಲೆಕ್ಕ ಮಾತ್ರ ಸರಿಯೆಂದೇ ಮಾಡಿದೆ. ಮೇಷ್ಟ್ರು ಕುಚೋದ್ಯವೋ ಎಂದು ಕೇಳಿದರಲ್ಲ, ಊರೆಲ್ಲ ಎದುರಿಗಿದ್ದಾಗ ಹೆಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಪೋಲಿ ಅನ್ನಿಸಿಕೊಳ್ಳುವುದು ಸಲೀಸಾಗಿ ಕಂಡಿತು. ತಾನು ಕಾಲೆಳೆದುಕೊಂಡು ಸುತ್ತುವುದನ್ನು ನೋಡಿ ನಾನು ನಗುತ್ತಿದ್ದೆ ಎಂದು ಅವ್ವ ಈಗ ನಂಬಿದ್ದಾರೆ. ಮೇಲಿನ ಲೆಕ್ಕವನ್ನು ಮೇಷ್ಟ್ರ ಚೀಟಿ ನೋಡಿ ಇಳಿಸಿದ್ದೇನೆ. ಗುಣಿಸಬಾರದಂತೆ, ಭಾಗಿಸಬೇಕಂತೆ. ಏಕೆಂದು ನನಗೆ ಇನ್ನೂ ತಿಳಿದಿಲ್ಲ.