ಮಿಡತೆ ಇಲ್ಲದ ತೋಪು

ಸೆಪ್ಟೆಂಬರ್ 4, ಬೆಳಿಗ್ಗೆ 5.40

ಅಲಾರಂ ಮತ್ತೆ ಕೈಕೊಟ್ಟಿತು. ಇವರೇ ಕಾಲು ತಟ್ಟಿ ಎಬ್ಬಿಸಿದರು. ಊರವರ ಗಡಿಯಾರವನ್ನೆಲ್ಲ ರಿಪೇರಿ ಮಾಡುವವರ ಮನೆಯಲ್ಲಿ ಈ ಗತಿ! ಹಾಗಂದರೆ ಅವರದು ಒಂದು ನಗು, ಅಷ್ಟೇ.

ಚೀಲಕ್ಕೆ: ಭೂತಗನ್ನಡಿ ಹದಿನಾರು, ಪೆನ್ಸಿಲ್, ರಟ್ಟಿನ ಕಾರ್ಡು, ಹಗ್ಗ. ಹೊಸ ಬ್ಯಾಚ್‌ನ ಮೂರನೆಯ ದಿನ. ಒಂಬತ್ತು ಜನ ಸ್ಕೂಲ್ ಟೀಚರ್‌ಗಳು, ಏಳು ಜನ ಕಾಡಿನ ಗೈಡ್ ಆಗಬೇಕೆನ್ನುವವರು. ಮಕ್ಕಳನ್ನು ಕಾಡಿಗೆ ಕರೆದೊಯ್ದು ಪಾಠ ಮಾಡುವುದನ್ನು ಎರಡು ವಾರದಲ್ಲಿ ಕಲಿಸಬೇಕು — ಬೋರ್ಡ್ ಇಲ್ಲದೆ, ಪುಸ್ತಕ ಇಲ್ಲದೆ, ಕೈಗೆ ಮಣ್ಣು ಹತ್ತುವ ಹಾಗೆ. ನಿನ್ನೆ ಎರೆಹುಳ ಹಿಡಿಯಿರಿ ಅಂದರೆ ಇಬ್ಬರು ಬೆಂಚು ಹತ್ತಿ ನಿಂತರು. ಪರವಾಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥವರನ್ನೋ ಬೆಂಚಿನಿಂದ ಇಳಿಸಿದ್ದೇನೆ.

ಅದೇ ದಿನ, ಸಂಜೆ

ನಮ್ಮ ತರಬೇತಿ ಸೆಂಟರ್ ಹಿಂದಿನ ತೋಪಿನಲ್ಲಿ ದನಿ ನಕ್ಷೆ. ನನ್ನ ಅಚ್ಚುಮೆಚ್ಚಿನ ಪಾಠ. ಕಾರ್ಡಿನ ನಡುವೆ ಒಂದು ಚುಕ್ಕಿ — ಅದು ನೀವು. ಹತ್ತು ನಿಮಿಷ ತೆಪ್ಪಗೆ ಕೂತು, ಕೇಳಿದ ಪ್ರತಿ ದನಿಗೂ ಅದು ಬಂದ ದಿಕ್ಕಿನಲ್ಲಿ ಒಂದು ಗುರುತು. ಕಾರ್ಡು ವಾಪಸ್ ತೆಗೆದುಕೊಂಡ ಮೇಲೆ ಎಂದಿನಂತೆ ಮಿಡತೆಯ ಕಥೆ. ಇದೇ ತೋಪಿನಲ್ಲಿ ಹಸಿರು ಮಿಡತೆ ಕೂಗುತ್ತಿತ್ತು, ಗಾಜಿನ ಮೇಲೆ ಸೂಜಿ ಗೀರಿದ ಹಾಗೆ. ಮೂರು ವರ್ಷದಿಂದ ಒಂದೂ ಇಲ್ಲ. ವರ್ಷದ ವರದಿಯಲ್ಲೂ ಬರೆಯುತ್ತಾ ಬಂದಿದ್ದೇನೆ.

ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಪ್ರತಿ ಸಲದಂತೆ ನಾನೂ.

ಸೆಪ್ಟೆಂಬರ್ 6

ಸಿಟ್ಟು ಇನ್ನೂ ಇಳಿದಿಲ್ಲ. ಬ್ಯಾಚ್‌ನಲ್ಲಿ ಒಬ್ಬ ಗಣಿತ ಮೇಷ್ಟ್ರಿದ್ದಾರೆ. ಏನು ಹೇಳಿದರೂ "ಹೌದು ಮೇಡಂ". ಎಲ್ಲರೂ ಹೌದ್‌ಮೇಡಂ ಅಂತಲೇ ಹೆಸರಿಟ್ಟಿದ್ದಾರೆ. ಇವತ್ತಿನ ದನಿ ನಕ್ಷೆಯಲ್ಲಿ ಬರೆದಿದ್ದಾರೆ — "ಹಸಿರು ಮಿಡತೆ, ದೊಡ್ಡ ಬಂಡೆಯ ಎಡಕ್ಕೆ, ಹನ್ನೆರಡು ಹೆಜ್ಜೆ."

ಪಕ್ಕದಲ್ಲೇ ಕೂತಿದ್ದೆ. ಪೂರ್ತಿ ಹತ್ತು ನಿಮಿಷ!

"ನನ್ನ ಮೆಚ್ಚಿಸೋಕೆ ಬರೀಬೇಡಿ. ಕೇಳಿದ್ದನ್ನ ಮಾತ್ರ ಬರೀರಿ. ನೀವೇ ಸುಳ್ಳು ಬರೆದ್ರೆ ಮಕ್ಕಳು ಏನು ಕಲೀತಾರೆ?" ಎಲ್ಲರ ಮುಂದೆಯೇ ಅಂದೆ.

ಮುಖ ಸಣ್ಣದಾಯಿತು. "ಹೌದು ಮೇಡಂ" ಅಂದರು.

ಸೆಪ್ಟೆಂಬರ್ 8

ಮೂರನೆಯ ದನಿ ನಕ್ಷೆ. ಹೌದ್‌ಮೇಡಂ ಕಾರ್ಡಿನಲ್ಲಿ ಬಂಡೆಯ ಎಡಕ್ಕೆ ರಬ್ಬರ್ ಉಜ್ಜಿದ ಗುರುತು. ತಿದ್ದಿಕೊಂಡಿದ್ದಾರೆ, ಒಳ್ಳೆಯದು. ಆದರೂ ಮೌಲ್ಯಮಾಪನದ ಹಾಳೆಯಲ್ಲಿ ಬರೆದೆ: "ಮಕ್ಕಳ ಮುಂದೆ ನಿಲ್ಲಿಸಲು ಇನ್ನೂ ಕಾಲ ಬೇಕು. ಕೇಳದ್ದನ್ನು ಕೇಳಿದೆ ಅನ್ನುತ್ತಾರೆ." ಆಫೀಸಿಗೆ ಕೊಟ್ಟಾಯಿತು. ಅಂದರೆ ಕೊನೆಯ ದಿನ ಮಕ್ಕಳು ಬಂದಾಗ ಅವರ ಕೈಯಲ್ಲಿ ಪಾಠ ಮಾಡಿಸುವಂತಿಲ್ಲ, ಸರ್ಟಿಫಿಕೇಟೂ ಇಲ್ಲ.

ಸೆಪ್ಟೆಂಬರ್ 10

ಇವರಿಗೆ ಜ್ವರ. ಥರ್ಮಾಮೀಟರ್ ಬಾಯಲ್ಲಿಟ್ಟೆ. ಬೀಪ್ ಅನ್ನಲೇ ಇಲ್ಲ. ಕೊಡವಿ ಮತ್ತೆ ಇಟ್ಟೆ — ಊಹೂಂ. ಮೆಡಿಕಲ್ ಶಾಪಿಗೆ ಓಡಿ ಹೊಸದು ತಂದೆ. ಅದೂ ಇಲ್ಲ! ಅಂಗಡಿಯವನನ್ನು ಬೈಯುತ್ತಾ ಕೂತೆ. ಇವರು ಕಣ್ಣು ಬಿಡುತ್ತಾರೆ, ಕೈ ಆಡಿಸುತ್ತಾರೆ, "ಊಂ ಊಂ" ಅನ್ನುತ್ತಾರೆ. ಕೊನೆಗೆ ತಾವೇ ಕಿತ್ತು ತೆಗೆದರು.

"ಆಗ್ಲಿಂದ ಬಡ್ಕೊಳ್ತಾ ಇದೆಯಲ್ಲೇ ಮಾರಾಯ್ತಿ! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ..."

ಇಬ್ಬರೂ ನಕ್ಕೆವು. ಆಮೇಲೆ ನಾನು ನಗಲಿಲ್ಲ. "ಅಲಾರಂ?" ಅಂದೆ.

"ಅಲಾರಂ ದಿನಾ ಹೊಡೆಯುತ್ತೆ ಕಣೇ. ನಾನೇ ಆರಿಸಿ ನಿನ್ನ ಎಬ್ಬಿಸ್ತೀನಿ."

"ಎಷ್ಟು ದಿನದಿಂದ?"

ಕಂಬಳಿ ಸರಿಮಾಡಿಕೊಂಡರು. "ಎರಡ್ಮೂರು ವರ್ಷ ಆಯ್ತೇನೋ. ಮಾತೆಲ್ಲ ಚೆನ್ನಾಗೇ ಕೇಳಿಸ್ತಿದೆ ನಿಂಗೆ. ಈ ಸಣ್ಣ ದನಿಗಳು ಮಾತ್ರ... ಕಾಡಿನ ಕೆಲಸದವಳಿಗೆ ಹೇಗೆ ಹೇಳ್ಲಿ?"

ಜ್ವರ ನೂರಾ ಒಂದು. ಪಾಪ, ನನ್ನ ಸಮಾಧಾನವನ್ನೂ ಅವರೇ ಮಾಡಬೇಕಾಯಿತು.

ಸೆಪ್ಟೆಂಬರ್ 12

ನಿನ್ನೆ ಬರೆಯಲಿಲ್ಲ. ಪಾಠವನ್ನೂ ಬೇರೆಯವರಿಗೆ ವಹಿಸಿ ಮನೆಯಲ್ಲೇ ಕೂತೆ.

ಇವತ್ತು ನಾಲ್ಕನೆಯ ತಾರೀಖಿನ ಕಾರ್ಡುಗಳನ್ನು ತೆಗೆದೆ — ಮಿಡತೆಯ ಕಥೆ ಹೇಳುವ ಮುಂಚಿನವು. ಮೇಜಿನ ಮೇಲೆ ಹರಡಿದೆ. ಬಂಡೆಯ ಎಡಕ್ಕೆ: "ಸಣ್ಣ ಕೀ-ಕೀ?" "ವೈರ್ ಸದ್ದು?" "ಸೀಟಿ — ಯಾರದೋ?" ಹದಿನಾರರಲ್ಲಿ ಹನ್ನೊಂದು ಕಾರ್ಡು. ಎಲ್ಲವೂ ಒಂದೇ ಜಾಗ. ಯಾರೂ ಯಾರನ್ನೂ ಮೆಚ್ಚಿಸುತ್ತಿರಲಿಲ್ಲ.

ಮಿಡತೆ ಎಲ್ಲಿಗೂ ಹೋಗಿಲ್ಲ. ಮೂರು ವರ್ಷ ಆ ತೋಪಿನ ಹೆಸರಲ್ಲಿ ಅತ್ತೆ. ವರದಿ ಬರೆದೆ. ಆ ಒಳ್ಳೆಯ ಮನುಷ್ಯನನ್ನು ಸುಳ್ಳುಗಾರ ಅಂದೆ!

ಆಫೀಸಿಗೆ ಹೇಳಿದರೆ ದನಿ ಪಾಠ ನನ್ನ ಕೈ ತಪ್ಪಬಹುದು. ಹೇಳದಿದ್ದರೆ ನನ್ನ ಹಾಳೆ ಹಾಗೇ ಉಳಿಯುತ್ತದೆ. ದನಿ ಪಾಠ ಬಿಟ್ಟರೆ ನಾನು ಇನ್ನೇನು...

ಸೆಪ್ಟೆಂಬರ್ 13

ಹೇಳಿದೆ. ಮೊದಲು ಆಫೀಸಿನಲ್ಲಿ — ಹಾಳೆ ವಾಪಸ್ ಪಡೆದೆ, ಮೂರು ವರ್ಷದ ವರದಿ ತಿದ್ದಿಕೊಡುತ್ತೇನೆ ಅಂದೆ. "ಮುಂದಿನ ಬ್ಯಾಚ್ ವಿಷಯ ಆಮೇಲೆ ಮಾತಾಡೋಣ ಮೇಡಂ" ಅಂದರು. ಸರಿ.

ಆಮೇಲೆ ಕ್ಲಾಸಿನಲ್ಲಿ. ಹನ್ನೊಂದು ಕಾರ್ಡನ್ನು ದಾರಕ್ಕೆ ತೂಗು ಹಾಕಿ ಎಲ್ಲ ಹೇಳಿದೆ, ಥರ್ಮಾಮೀಟರ್ ಸಮೇತ. ಥರ್ಮಾಮೀಟರಿಗೆ ಎಲ್ಲರೂ ನಕ್ಕರು. ನನಗೂ ಹಗುರಾಯಿತು.

"ಕಂಡದ್ದು ಕಂಡ ಹಾಗೆ ಹೇಳಿದ್ರೆ ಕೆಂಡದಂಥ ಕೋಪ ಮಾಡ್ಕೊಂಡೆ. ತಪ್ಪಾಯ್ತು ಮೇಷ್ಟ್ರೇ. ಆದ್ರೆ ನೀವಾದ್ರೂ ಯಾಕೆ ವಾದ ಮಾಡ್ಲಿಲ್ಲ?"

ಹೌದ್‌ಮೇಡಂ ಎದ್ದು ನಿಂತರು. "ನೀವು ಇಪ್ಪತ್ತೆರಡು ವರ್ಷದಿಂದ ಕೇಳ್ತಿರೋರು. ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡೆ. ಮೊನ್ನೆ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬಂದೆ ಮೇಡಂ."

"ಏನಂದ್ರು?"

"ಏನೂ ಆಗಿಲ್ವಂತೆ. ಯಾಕೆ ಬಂದ್ರಿ ಅಂತ ಬೈದು ಕಳಿಸಿದ್ರು."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಸೆಪ್ಟೆಂಬರ್ 15, ಬೆಳಿಗ್ಗೆ 9.20, ತೋಪಿನಲ್ಲೇ

ಮಕ್ಕಳು ಬಂದಿದ್ದಾರೆ, ಇಪ್ಪತ್ತನಾಲ್ಕು. ಪಾಠ ಹೌದ್‌ಮೇಡಂ ಅವರದು. ನಾನೂ ಒಂದು ಕಾರ್ಡು ಹಿಡಿದು ಮಕ್ಕಳ ಸಾಲಿನಲ್ಲಿ ಕೂತಿದ್ದೇನೆ. ಎಷ್ಟು ಚೆನ್ನಾಗಿ ನಡೆಸುತ್ತಿದ್ದಾರೆ! ಒಂದು ಉತ್ತರವನ್ನೂ ತಾವು ಹೇಳುವುದಿಲ್ಲ. "ಎಲ್ಲಿಂದ? ಎಷ್ಟು ಹೆಜ್ಜೆ?" ಹೆಮ್ಮೆಯಾಗುತ್ತಿದೆ, ಬರೆದುಬಿಡುತ್ತೇನೆ.

ಎರಡು ಜಡೆಯ ಹುಡುಗಿ ನನ್ನ ಕಾರ್ಡು ಇಣುಕಿ ನೋಡಿದಳು. "ಅಜ್ಜಿ, ಬಂಡೆ ಹತ್ರದ್ದು ಬರೀಲೇ ಇಲ್ವಲ್ಲ?"

"ನಂಗೆ ಕೇಳಿಸಲ್ಲ ಪುಟ್ಟಿ."

ಕೈ ಹಿಡಿದು ಎಳೆದೊಯ್ದಳು. ಮೇಷ್ಟ್ರು ಮೆಲ್ಲಗೆ ಒಂದು ಎಲೆ ಸರಿಸಿದರು. ಇದೆ! ಹಸಿರು ಮೈ, ಉದ್ದ ಮೀಸೆ. ಭೂತಗನ್ನಡಿ ಹಿಡಿದೆ. ರೆಕ್ಕೆ ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ದನಿ ಮಾತ್ರ ಇಲ್ಲ.

ಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹುಡುಗಿ ಪಕ್ಕದಲ್ಲಿದ್ದಾಳೆ. ಅದು ಕೂಗಿದಷ್ಟು ಸಲ ನನ್ನ ಎಡಗೈ ಮೇಲೆ ಬೆರಳಿನಿಂದ ತಟ್ಟುತ್ತಾಳಂತೆ. ಮೂರು. ಬಿಡುವು. ಮೂರು. ಬಿಡುವು. ಈಗ ಅದು ಸುಮ್ಮನಿದೆ, ಅವಳ ಬೆರಳೂ ಗಾಳಿಯಲ್ಲೇ ನಿಂತಿದೆ, ಕಾಯುತ್ತಿದ್ದೇವೆ, ಇಬ್ಬರೂ —