ಅವನಿಗೆ ನಾನು ಏನಾಗಬೇಕು

ಮೂರನೇ ಮಹಡಿಯ ಕೋಣೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮಾ,

ನಿನ್ನ ಮಂಡಿನೋವು ಹೇಗಿದೆ? ವಾರ್ಡಿನ ರೋಗಿಗಳಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ನೀನು ನಿನ್ನ ಮಾತ್ರೆಯನ್ನು ಮಾತ್ರ ಮರೆಯುತ್ತೀ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು “ಹೇಳೇ ಮೌನಗೌರಿ, ಬೇಗ ಹೇಳೇ, ಡ್ಯೂಟಿಗೆ ಹೊತ್ತಾಯ್ತು” ಅನ್ನುತ್ತೀ. ಇದು ಬೇಗ ಹೇಳಿ ಮುಗಿಸುವ ಮಾತಲ್ಲ. ಲಿಫ್ಟಿನವನು ತೀರಿಕೊಂಡ, ಚಿಕ್ಕಮ್ಮಾ. ಕಾಮಾಲೆಯಂತೆ. ಹೋದ ತಿಂಗಳು.

ನೀನು ಅವನನ್ನು ಒಮ್ಮೆಯೂ ನೋಡಲಿಲ್ಲ, ಆದರೂ ಆ ಹೆಸರಿಟ್ಟವಳು ನೀನೇ. ನಮ್ಮ ಕನ್ನಡಕದ ಅಂಗಡಿಯಿರುವ ಕಟ್ಟಡದ ಲಿಫ್ಟು ರಿಪೇರಿಗೆ ಬಂದವನು ತನ್ನ ಮುರಿದ ಕನ್ನಡಕ ಹಿಡಿದುಕೊಂಡು ಮೇಲೆ ಹತ್ತಿ ಬಂದಿದ್ದ. ನಾನು ಕಡ್ಡಿ ಸರಿಮಾಡಿ ಕೊಟ್ಟೆ. ಅದಾದ ಮೇಲೆ ಎಷ್ಟೋ ಭಾನುವಾರ ಈ ಕೋಣೆಯ ಕಿಟಕಿಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕಿತ್ತಳೆ ಸುಲಿದಿದ್ದಾನೆ. ಎದುರು ಕಟ್ಟಡದ ಲಿಫ್ಟು ಗೊರಗೊರ ಅಂದರೆ “ಪಾಪ, ನೆಗಡಿ ಆಗಿದೆ ಕಣೇ ಅದಕ್ಕೆ” ಅನ್ನುತ್ತಿದ್ದ. ಸದ್ದು ಮಾಡುವ ಯಾವುದನ್ನೂ ಹಾಗೇ ಬಿಡುತ್ತಿರಲಿಲ್ಲ. ನನ್ನ ಬಾಗಿಲು, ಕಪಾಟು, ಕೆಳಗಿನ ಮನೆಯ ಅಜ್ಜಿಯ ತಳ್ಳುಕುರ್ಚಿ, ಎಲ್ಲಕ್ಕೂ ಎಣ್ಣೆ ಬಿಟ್ಟ. ಅಜ್ಜಿ ಈಗಲೂ “ಎಲ್ಲಮ್ಮಾ ನನ್ನ ಮೆಕ್ಯಾನಿಕ್ಕು?” ಎಂದು ಕೇಳುತ್ತಾರೆ. ಊರಿಗೆ ಹೋಗಿದ್ದಾನೆ ಎಂದಿದ್ದೇನೆ.

ಒಮ್ಮೆ ನೀನು ಕೇಳಿದ್ದೆ, “ಅವನು ನಿನಗೆ ಏನೇ? ಫ್ರೆಂಡಾ, ಕಟ್ಕೊಳ್ಳೋನಾ?” ಎಂದು. ಎರಡೂ ಅಲ್ಲ, ಸುಮ್ಮನೆ ಅಂದಿದ್ದೆ. “ಸುಮ್ಸುಮ್ನೆ ಯಾರಾದ್ರೂ ಎರಡು ಬಸ್ಸು ಬದಲಾಯಿಸಿ ಬರ್ತಾರೇನೇ ಪೆದ್ದಿ?” ಎಂದು ನಕ್ಕಿದ್ದೆ ನೀನು. ನನಗೆ ಸಿಟ್ಟು ಬಂದಿತ್ತು. ನಮ್ಮ ವಯಸ್ಸಿನವರ ವಿಷಯ ನಿನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಅಂಗಡಿಯಲ್ಲಿ ಕೌಂಟರಿನವಳು ತನ್ನ ಹುಡುಗನ ಸಹವಾಸವನ್ನು ಟೈಂಪಾಸ್ ಅನ್ನುತ್ತಾಳೆ, ಕಣ್ಣು ಪರೀಕ್ಷೆ ಮಾಡುವವಳು ‘ಸದ್ಯಕ್ಕೆ’ ಅನ್ನುತ್ತಾಳೆ, ನಾನು ‘ಸುಮ್ಮನೆ’ ಅನ್ನುತ್ತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತರೆ ಯಾರ ಸಹವಾಸ ಹೆಚ್ಚು ಹಗುರ ಎಂದು ನಮ್ಮನಮ್ಮಲ್ಲೇ ಪೈಪೋಟಿ. ಅವನೂ ನಾನೂ ಒಂದು ಮಾತು ಮಾಡಿಕೊಂಡಿದ್ದೆವು. ಯಾರಿಗೆ ಸಾಕನಿಸಿದರೂ ಬರುವುದನ್ನು ನಿಲ್ಲಿಸಬಹುದು, ಇನ್ನೊಬ್ಬರು ಯಾಕೆ ಎಂದು ಕೇಳಬಾರದು. ಅವನು ಹೇಳಿದ, ನಾನು ತಲೆಯಾಡಿಸಿದೆ. ಅಳು ಇಲ್ಲ, ಜಗಳ ಇಲ್ಲ, ಎಷ್ಟು ಬುದ್ಧಿವಂತರು ನಾವು ಎಂದು ಇಬ್ಬರೂ ಬೀಗಿದ್ದೇ ಬೀಗಿದ್ದು.

ಆಮೇಲೆ ಒಂದು ಭಾನುವಾರ ಅವನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಫೋನು ಕೈಗೆತ್ತಿಕೊಳ್ಳುವುದು, ಇಡುವುದು, ಇದೇ ಆಯಿತು. ಕೇಳಲಿಲ್ಲ. “ಭೇಷ್ ಕಣೇ, ಒಂದು ಮೆಸೇಜೂ ಹಾಕಲಿಲ್ವಲ್ಲ, ನೀನೇ ಗೆದ್ದೆ” ಎಂದು ಕೌಂಟರಿನವಳು ಬೆನ್ನು ತಟ್ಟಿದಳು. ನಾನು ಹಾಗೆ ಗೆಲ್ಲುತ್ತಿದ್ದಾಗ ಅವನು ಆಸ್ಪತ್ರೆಯಲ್ಲಿ ಮಲಗಿದ್ದ. ಅಂಗಡಿ ಕಟ್ಟಡದ ಲಿಫ್ಟು ಮತ್ತೆ ಕೆಟ್ಟು ಬೇರೊಬ್ಬ ರಿಪೇರಿಗೆ ಬಂದಾಗ ಅವನೆಲ್ಲಿ ಎಂದು ಕೇಳಿದೆ. “ಗೊತ್ತಿಲ್ವಾ ಮೇಡಂ? ಹೋಗ್ಬಿಟ್ಟ” ಅಂದ. ನನಗೆ ಯಾರು ಹೇಳಿ ಕಳಿಸಬೇಕಿತ್ತು? ನಾನಿದ್ದೇನೆಂದೇ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ಭಾನುವಾರ ಅವನ ಮನೆ ಹುಡುಕಿಕೊಂಡು ಹೋಗಿದ್ದೆ. ಕೋಣೆ ತುಂಬ ನೆಂಟರು. ಅತ್ತಿಗೆ, ಸೋದರಮಾವ, ದೊಡ್ಡಪ್ಪನ ಮಗ, ಎಲ್ಲರಿಗೂ ಅಲ್ಲಿ ಕೂರಲು ಒಂದು ಕಾರಣವಿತ್ತು. ಅವನ ಅಮ್ಮ ನನ್ನ ಕೈ ಹಿಡಿದು “ನೀನು ಅವನಿಗೆ ಏನಾಗಬೇಕಮ್ಮಾ?” ಎಂದು ಕೇಳಿದರು. ಎಷ್ಟು ಮೆತ್ತಗೆ ಕೇಳಿದರು ಗೊತ್ತೇ? ನನ್ನ ಬಾಯಿಂದ ‘ಕನ್ನಡಕದ ಅಂಗಡಿಯವಳು’ ಎಂದು ಬಂತು. ಅವರು ಪಕ್ಕದವರ ಕಡೆ ತಿರುಗಿ “ಅಂಗಡಿಯೋರು ಕೂಡ ಬಂದ್ರು ನೋಡು, ನನ್ನ ಮಗ ಎಂಥೋನು” ಎಂದು ಕಣ್ಣೊರೆಸಿಕೊಂಡರು. ನನಗೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿದರು. ನಾನು ಅಳಲಿಲ್ಲ. ಅಂಗಡಿಯವಳು ಎಷ್ಟು ಅಂತ ಅಳುವುದು? ಹೊರಡುವಾಗ ಮೆಟ್ಟಿಲವರೆಗೂ ಬಂದರು. ಯಾರಿಗೋ ಹೇಳಬೇಕಿತ್ತು ಎನ್ನುವಂತೆ ಹೇಳಿದರು: “ಭಾನುವಾರ ಬಂತು ಅಂದ್ರೆ ವಾರ್ಡಿನ ಬಾಗಿಲನ್ನೇ ನೋಡ್ತಿದ್ದ ಕಣಮ್ಮಾ. ಯಾರಪ್ಪಾ ಬರ್ಬೇಕು, ಕರೆಸ್ಲಾ ಅಂತ ಕೇಳಿದ್ರೆ ‘ಯಾರೂ ಇಲ್ಲ, ಸುಮ್ನೆ’ ಅಂತಿದ್ದ. ಅದೊಂದು ಗೊತ್ತಾಗಿದ್ರೆ ಕೈಕಾಲು ಹಿಡಿದಾದ್ರೂ ಕರ್ಕೊಂಡು ಬರ್ತಿದ್ದೆ.” ನಾನು ಚಪ್ಪಲಿ ಹಾಕಿಕೊಂಡು ಇಳಿದು ಬಂದೆ.

ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ. ನಿನ್ನ ಜೊತೆಯ ನರ್ಸಕ್ಕನಿಗೆ ನಾನು ಕೇಳಿದೆನೆಂದು ಹೇಳು.

ನೀನು ಸಾಕಿದ,
ಮೌನಗೌರಿ

ತಾ.ಕ.: ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಬರುವ ಭಾನುವಾರ ರಜೆ ಹಾಕಿ ಬರುತ್ತೀಯಾ? ಅವರ ಮನೆಗೆ ಇನ್ನೊಮ್ಮೆ ಹೋಗಬೇಕು. ಒಬ್ಬಳೇ ಹೋದರೆ ಮತ್ತೆ ಅಂಗಡಿಯವಳಾಗಿಯೇ ವಾಪಸು ಬರುತ್ತೇನೆ. ಸಂಬಂಧ ಮಾತಾಡಲು ಹೋಗುವ ಹಿರಿಯರ ಹಾಗೆ ನೀನು ಆ ಅಮ್ಮನ ಎದುರು ಕೂತು, ಇವಳು ನಮ್ಮ ಹುಡುಗಿ, ನಿಮ್ಮ ಮಗ ದಾರಿ ನೋಡುತ್ತಿದ್ದದ್ದು ಇವಳದ್ದೇ ಎಂದು ಹೇಳು. ಅಷ್ಟು ಹೇಳಿದರೆ ಸಾಕು. ಆಮೇಲೆ ನಾನು ಅತ್ತುಕೊಳ್ಳುತ್ತೇನೆ.